‘ರೋಗನಿರೋಧಕ’ ಎಂಬ ಮಾತು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪೇಟೆಗಳಲ್ಲಿ ಮುಂಗಾರಿನ ಮೊದಲ ಹದಮಳೆ ಬಿದ್ದೊಡನೆ ಬೀಜದ ಅಂಗಡಿಗಳ ಮುಂದೆ ಜನ ನೆರೆಯುವುದನ್ನು ತಾವು ನೋಡಿಯೇ ಇರುತ್ತೀರಿ. ತಮ್ಮಲ್ಲಿ ಹಲವರಿಗೆ ಮನೆ ಪೇಟೆಯಲ್ಲಿದ್ದರೂ ಹಳ್ಳಿಯಲ್ಲಿ ನಾಲ್ಕೆಕರೆ ಹೊಲವುಂಟು. ಅದಿಲ್ಲದವರಿಗೆ ಹಿತ್ತಲಲ್ಲಿ ನಾಲ್ಕು ಬೆಂಡೆಗಿಡವಾದರೂ ಉಂಟು. ಬೀಜದ ಪೊಟ್ಟಣದ ಮೇಲೆ ‘ರೋಗನಿರೋಧಕ ತಳಿ’ ಎಂದು ಅಚ್ಚಾಗಿದ್ದರೆ ಕೊಳ್ಳುವವರ ಮನಸ್ಸಿಗೆ ಒಂದು ಧೈರ್ಯ. ಆ ಧೈರ್ಯ ಎಷ್ಟರ ಮಟ್ಟಿಗೆ ಸರಿ ಎಂಬುದೇ ಈ ಹೊತ್ತಿನ ವಿಚಾರ.

ನಿರೋಧಶಕ್ತಿಯನ್ನು ಮನೆಯ ಬೀಗಕ್ಕೆ ಹೋಲಿಸಬಹುದು. ಮುಂಬಾಗಿಲಿಗೆ ಹಾಕಿದ ಬೀಗ ಹಿತ್ತಲ ಬಾಗಿಲನ್ನು ಕಾಯದು. ಕಳ್ಳನು ಹೊಸ ಕೀಲಿಕೈ ಮಾಡಿಸಿಕೊಂಡು ಬಂದನೆಂದರೆ ಮುಂಬಾಗಿಲನ್ನೂ ಕಾಯದು.

ಮೊದಲನೆಯದಕ್ಕೆ ನಮ್ಮ ಮೆಕ್ಕೆಜೋಳವೇ ಸಾಕ್ಷಿ. ಈ ಬೆಳೆಗೆ ಹಳೆಯ ಶತ್ರುವೆಂದರೆ ಕೇದಿಗೆ ರೋಗ. ಎಲೆ ಬಿಳಿಚಿಕೊಂಡು, ನೆಟ್ಟಗೆ ನಿಂತು, ತೆನೆಯೇ ಕಟ್ಟುವುದಿಲ್ಲ. ಇದಕ್ಕೆ ಮಣಿಯದ ತಳಿಗಳನ್ನು ಆರಿಸುವ ಕ್ರಮ ಸ್ವಾರಸ್ಯವಾದುದು. ಮಂಡ್ಯದ ವಿ. ಸಿ. ಫಾರಂನಲ್ಲಿ ರೋಗಕ್ಕೆ ಸುಲಭವಾಗಿ ತುತ್ತಾಗುವ ಸಾಲುಗಳನ್ನು ಮುಂಚಿತವಾಗಿ ಬೆಳೆಸಿ, ಅವುಗಳ ಮಗ್ಗುಲಲ್ಲಿ ಹೊಸ ತಳಿಗಳನ್ನು ಬಿತ್ತುತ್ತಾರೆ. ರೋಗದ ನಡುವೆಯೂ ಹಸಿರಾಗಿ ನಿಂತುದೇ ಮುಂದಿನ ಪರೀಕ್ಷೆಗೆ ಅರ್ಹ. ಹೀಗೆ ಗಟ್ಟಿಯಾದ ತಳಿಗಳು ರೈತರಿಗೆ ದೊರೆತವು. ಕೇದಿಗೆ ರೋಗದ ಭಯ ಬಹುಮಟ್ಟಿಗೆ ತಗ್ಗಿತು.

ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆಯಿತು. 2018ರ ಮೇ ತಿಂಗಳಲ್ಲಿ, ನ್ಯಾಮತಿಗೆ ಕೂಗಳತೆ ಎನ್ನಬಹುದಾದ ಶಿವಮೊಗ್ಗದಲ್ಲಿ, ಅಲ್ಲಿಯ ಕೃಷಿ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರಜ್ಞರು ಮೆಕ್ಕೆಜೋಳದ ಸುಳಿಯಲ್ಲಿ ಒಂದು ಹೊಸ ಹುಳುವನ್ನು ಕಂಡರು. ಅಮೆರಿಕ ಖಂಡದ ಮೂಲದ್ದು, 2016ರಲ್ಲಿ ಆಫ್ರಿಕವನ್ನು ಹೊಕ್ಕದ್ದು, ಫಾಲ್ ಸೈನಿಕ ಹುಳು ಎಂದು ಹೆಸರು. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು ನಮ್ಮ ಈ ಸೀಮೆಯಲ್ಲೇ. ತಲೆಯ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿಯ ಗೆರೆ, ಬಾಲದ ಕಡೆ ಚೌಕವಾಗಿ ನಾಲ್ಕು ಕರಿ ಚುಕ್ಕೆ. ಇವೇ ಅದರ ಗುರುತು. ಆ ಮುಂಗಾರಿನಲ್ಲಿ ಹೊಲದಲ್ಲಿದ್ದ ತಳಿಗಳನ್ನು ಈ ಹುಳುವಿಗೆ ಒಡ್ಡಿ ನೋಡಿದವರು ಯಾರಿದ್ದರು? ಕೇದಿಗೆ ರೋಗಕ್ಕೆ ಬಗ್ಗದ ಗಿಡಗಳ ಸುಳಿಯನ್ನೂ ಅದು ಜಾಲರಿ ಮಾಡಿತು. ಪೊಟ್ಟಣದ ಮೇಲಿದ್ದ ಮಾತು ಸುಳ್ಳಲ್ಲ; ಅದು ಬೇರೆ ಶತ್ರುವನ್ನು ಕುರಿತ ಮಾತು, ಅಷ್ಟೆ.

ಇನ್ನು ಹೊಸ ಕೀಲಿಕೈಯ ಕಥೆ. ಬೆಂಡೆಯ ಎಲೆಯ ನರಗಳು ಹಳದಿ ಬಲೆಯಂತಾಗಿ, ಕಾಯಿ ಬಿಳಿಚಿ ನಾರಾಗುವುದನ್ನು ಹಿತ್ತಲುಳ್ಳ ಗೃಹಿಣಿಯರೆಲ್ಲ ಬಲ್ಲರು. ಇದು ಬಿಳಿನೊಣ ಹರಡುವ ನಂಜುರೋಗ. 1924ರಲ್ಲೇ ಮುಂಬಯಿ ಪ್ರಾಂತದಿಂದ ವರದಿಯಾಗಿತ್ತು. ದೆಹಲಿಯ ಪೂಸಾ ಸಂಸ್ಥೆಯವರು 1950ರ ದಶಕದಲ್ಲಿ ಬೆಳೆಸಿದ ‘ಪೂಸಾ ಸಾವನಿ’ ತಳಿಯಲ್ಲಿ ಮೊದಮೊದಲು ರೋಗದ ಚಿಹ್ನೆಯೇ ಕಾಣಲಿಲ್ಲ. ದೇಶವೆಲ್ಲ ಅದನ್ನೇ ಬಿತ್ತಿತು. ಕಾಲಕ್ರಮದಲ್ಲಿ ಅದೂ ಹಳದಿಯಾಯಿತು. ಬಳಿಕ ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕಾಡುಬೆಂಡೆಯೊಂದರೊಡನೆ ಊರಬೆಂಡೆಯನ್ನು ಕೂಡಿಸಿ ‘ಅರ್ಕಾ ಅನಾಮಿಕಾ’ವನ್ನು ಪಡೆದರು. ಅದು ಬಹುಕಾಲ ಚೆನ್ನಾಗಿ ನಿಂತಿತು. ಆಮೇಲೆ ಅದರಲ್ಲಿಯೂ ರೋಗ ಕಾಣಿಸಿಕೊಂಡಿತು. ಒಂದೇ ತಳಿಯನ್ನು ಎಲ್ಲರೂ ಎಲ್ಲೆಡೆ ಬಿತ್ತಿದರೆ ಶತ್ರುವಿಗೂ ಒಂದೇ ಬೀಗದ ಮೇಲೆ ಕೈ ಪಳಗುತ್ತದೆ.

ಯೂರೋಪಿನಲ್ಲಿ ಈ ವಿಷಯದಲ್ಲಿ ಒಂದು ಅಚ್ಚುಕಟ್ಟಿದೆ. ನಮ್ಮ ಕಾಫಿಪುಡಿಗೆ ಬೆರೆಯುವ ಚಿಕೋರಿಯ ಕುಲಕ್ಕೇ ಸೇರಿದ ಲೆಟ್ಯೂಸ್ ಸೊಪ್ಪಿಗೆ ಅಲ್ಲಿ ಬೂಜುರೋಗದ ಕಾಟ. ಆ ಬೂಜಿನ ಹೊಸ ಹೊಸ ಬಣಗಳಿಗೆ ಅಂಕಿ ಕೊಟ್ಟು, ಯಾವ ತಳಿ ಯಾವ ಅಂಕಿಯ ಬಣವನ್ನು ತಡೆಯುತ್ತದೆಂದು ಬೀಜದ ಪಟ್ಟಿಯಲ್ಲಿಯೇ ಮುದ್ರಿಸುತ್ತಾರೆ. ನಮ್ಮಲ್ಲಿಯೂ ಅಂಗಡಿಯವರನ್ನು ‘ಯಾವ ರೋಗಕ್ಕೆ ನಿರೋಧ, ಸ್ವಾಮಿ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಉತ್ತರ ಸಿಗದಿದ್ದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಬಿತ್ತಿದ ಮೇಲಿನ ಕೆಲಸವೂ ಉಂಟು. ಹಳದಿ ಬಲೆ ಕಂಡ ಬೆಂಡೆಗಿಡವನ್ನು, ಕರುಣೆ ತೋರದೆ, ಮೊದಲ ವಾರದಲ್ಲೇ ಕಿತ್ತುಬಿಡಿ. ಮೆಕ್ಕೆಜೋಳ ಮೊಳೆತು ಎರಡು ವಾರವಾದೊಡನೆ ಸುಳಿಯನ್ನು ಬಿಡಿಸಿ ನೋಡಬೇಕು. ಮರಿಹುಳು ಚಿಕ್ಕದಿರುವಾಗಲೇ ಔಷಧಿ ತಾಗುವುದು, ಬೆಳೆದು ಸುಳಿಯ ಆಳಕ್ಕಿಳಿದು ಹಿಕ್ಕೆಯಿಂದ ಬಾಗಿಲು ಮುಚ್ಚಿಕೊಂಡ ಮೇಲೆ ತಾಗದು. ಸೋನೆ ಹಿಡಿದ ದಿನಗಳಲ್ಲಿ ನ್ಯಾಮತಿ, ಹೊನ್ನಾಳಿಯ ಕಡೆ ಹುಳುಗಳು ತಿಳಿಹಸಿರು ಪುಡಿ ಬಳಿದಂತೆ ಎಲೆಯ ಮೇಲೆ ಸೆಟೆದು ಸತ್ತಿದ್ದರೆ ಗಾಬರಿಯಾಗಬೇಡಿ. ಅದು ರೈತನ ಪರವಾಗಿ ದುಡಿಯುವ ಒಂದು ಶಿಲೀಂಧ್ರ. ಅದಕ್ಕೆ ತೇವ ಬೇಕು. ಜಗಳೂರಿನಂಥ ಒಣಸೀಮೆಯಲ್ಲಿ ಅದನ್ನು ನೆಚ್ಚಿ ಕೂರುವಂತಿಲ್ಲ, ಅಲ್ಲಿ ವಾರಕ್ಕೆರಡು ಸಲ ಹೊಲಕ್ಕೆ ಹೋಗಿ ಸುಳಿ ನೋಡಲೇಬೇಕು.