ಶಾಲೆಯಲ್ಲಿ ಮೊಟ್ಟೆಗೆ ಕಾವು: ಸದಸ್ಯರು ಮೊದಲೇ ವಿಚಾರಿಸಬೇಕಾದುದು



ಕೋಳಿಮೊಟ್ಟೆ ಮರಿಯಾಗಲು 21 ದಿನಗಳು ಬೇಕು. ಮಕ್ಕಳು ಅದನ್ನು ಕಣ್ಣಾರೆ ಕಂಡು ಕಲಿಯಲೆಂದು ಶಿಕ್ಷಕರು ಕಾವುಪೆಟ್ಟಿಗೆಗೆ ನೆರವು ಕೋರಿದಾಗ, ಬೆಲೆಗಿಂತ ಮೊದಲು ವಿದ್ಯುತ್ತಿನ ಸ್ಥಿತಿಯನ್ನು ವಿಚಾರಿಸಬೇಕು. ಪೆಟ್ಟಿಗೆಯೊಳಗೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಗಲಿರುಳು ನಿಲ್ಲಬೇಕು. ಗಂಟೆಗಟ್ಟಲೆ ವಿದ್ಯುತ್ ಕೈಕೊಡುವ ಊರಿನಲ್ಲಿ ಬ್ಯಾಟರಿ ಇಲ್ಲದಿದ್ದರೆ ಭ್ರೂಣಗಳು ಚಿಪ್ಪಿನೊಳಗೇ ಸಾಯುವ ಸಂಭವ ಹೆಚ್ಚು. ಅಂಥ ಕಡೆ ಕಾವಿಗೆ ಕುಳಿತ ನಾಟಿಕೋಳಿಯೇ ಮೇಲು. ಹತ್ತು-ಹನ್ನೆರಡು ಮೊಟ್ಟೆಗಳನ್ನು ಅದು ಯಾವ ಬಿಲ್ಲೂ ಇಲ್ಲದೆ ಮರಿ ಮಾಡೀತು.

ಅಂಗಡಿಯ ಫಾರಂ ಮೊಟ್ಟೆ ಇದಕ್ಕೆ ಬಾರದು. ಹುಂಜವಿಲ್ಲದ ಸಾಕಣೆಯ ಮೊಟ್ಟೆಯಲ್ಲಿ ಜೀವಾಂಕುರವಿಲ್ಲ. 18ನೆಯ ದಿನದವರೆಗೆ ದಿನಕ್ಕೆ ಮೂರು ಬಾರಿಯಾದರೂ ಪೆಟ್ಟಿಗೆಯ ಮೊಟ್ಟೆಗಳನ್ನು ಹೊರಳಿಸಬೇಕು, ಭಾನುವಾರವೂ. ಬೀಗ ಹಾಕಿದ ಶಾಲೆಯಲ್ಲಿ ಆ ಕೆಲಸ ಯಾರದೆಂಬುದು ಮುಂಚೆಯೇ ನಿಶ್ಚಯವಾಗಿರಬೇಕು. ಏಳನೆಯ ದಿನ ಕತ್ತಲಲ್ಲಿ ಟಾರ್ಚಿನ ಬೆಳಕಿಗೆ ಹಿಡಿದರೆ ಮೊಟ್ಟೆಯೊಳಗೆ ರಕ್ತನಾಳಗಳ ಜಾಲ ಕಾಣುತ್ತದೆ. ಮಕ್ಕಳು ಉಸಿರು ಬಿಗಿಹಿಡಿದು ನೋಡುವ ಗಳಿಗೆ ಅದು. ಯಾವ ಪಾಠಪುಸ್ತಕವೂ ಅದನ್ನು ಕೊಡಲಾರದು.

ಮರಿಗಳಾದ ಮೇಲೆ? ಅವುಗಳಲ್ಲಿ ಸುಮಾರು ಅರ್ಧ ಹುಂಜಗಳೇ. ಮೊದಲ ವಾರ 35 ಡಿಗ್ರಿಯಷ್ಟು ಬೆಚ್ಚನೆಯ ಗೂಡು, ಅನಂತರ ಕೊಕ್ಕರೆ ರೋಗದ ಲಸಿಕೆಗೆ ಪಶು ಆಸ್ಪತ್ರೆಯ ನೆರವು ಬೇಕು. ಸಾಕಲು ಒಪ್ಪಿದ ಮನೆಗಳ ಪಟ್ಟಿ ಸಿದ್ಧವಾದ ನಂತರವೇ ಮೊಟ್ಟೆ ಇಡುವುದು ಯುಕ್ತ. ಮರಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಮಕ್ಕಳು ಬಿಸಿಯೂಟಕ್ಕೆ ಕೂರಬಾರದು. ಶಾಲೆಯ ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂಬುದನ್ನು ಸದಸ್ಯರು ಅದಕ್ಕೆ ಮೊದಲೇ ಹೋಗಿ ನೋಡಬೇಕು.