ಕಿವಿಗೂ ಒಂದು ವ್ರತ



ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಶ್ರಾವಕರ ಮನೆಗಳಲ್ಲಿ ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು ಹಿರಿಯರಿಂದ ಬಂದ ಆಚಾರ. ಹೊಟ್ಟೆಗೆ ಏನು ಸೇರಬೇಕು, ಯಾವ ಹೊತ್ತಿಗೆ ಸೇರಬೇಕು ಎಂಬಲ್ಲಿ ಇಷ್ಟು ಎಚ್ಚರವುಳ್ಳ ಮನೆಯಲ್ಲಿಯೇ ದೀಪ ಹಚ್ಚಿದ ಮೇಲೆ ಟಿ.ವಿ. ಬಾಯಿ ತೆರೆಯುತ್ತದೆ. ಕೊಲೆ, ಅಪಘಾತ, ಕೂಗಾಟ, ಅತ್ತೆಸೊಸೆಯರ ಕುತಂತ್ರ. ಅದು ಮುಗಿದರೆ ಅಂಗೈಯಲ್ಲಿ ಮೊಬೈಲು. ಉದರಕ್ಕೆ ರಾತ್ರಿಭೋಜನ ನಿಷಿದ್ಧ; ಕಣ್ಣು ಕಿವಿಗಳಿಗೆ ನಡುರಾತ್ರಿಯವರೆಗೆ ಊಟ! ಬೆಳಿಗ್ಗೆ ಮನಸ್ಸು ಭಾರವಾಗಿರುತ್ತದೆ, ಮಕ್ಕಳ ಮೇಲೆ ರೇಗುತ್ತದೆ. ಕಾರಣವನ್ನು ಮಾತ್ರ ಗ್ರಹಗತಿಯಲ್ಲಿ ಹುಡುಕುವವರುಂಟು.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ರಾಗ, ದ್ವೇಷ, ಮದಗಳನ್ನು ಕೆರಳಿಸಿ ಚಿತ್ತವನ್ನು ಕಲುಷಿತಗೊಳಿಸುವುದನ್ನು ಕೇಳುವುದೇ ದುಃಶ್ರುತಿ. ಇಲ್ಲೊಂದು ಸೂಕ್ಷ್ಮವುಂಟು. ಕೇಳುವವನು ಯಾರನ್ನೂ ಹೊಡೆದಿಲ್ಲ, ಯಾರದನ್ನೂ ಕದ್ದಿಲ್ಲ, ಸುಮ್ಮನೆ ಕುಳಿತಿದ್ದಾನೆ. ಆದರೂ ನಷ್ಟ ತಪ್ಪದು, ಏಕೆಂದರೆ ಕದಡಿದ್ದು ಅವನದೇ ಚಿತ್ತ.

ಇಂದಿನ ಮನಶ್ಶಾಸ್ತ್ರವೂ ಈ ಮಾತಿನ ಸಮೀಪಕ್ಕೆ ಬಂದಿದೆ. ಜಾನ್‌ಸ್ಟನ್ ಮತ್ತು ಡೇವಿ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ 14 ನಿಮಿಷಗಳ ಟಿ.ವಿ. ವಾರ್ತೆಯನ್ನು ತೋರಿಸಿದರು. ಅಶುಭ ವಾರ್ತೆಯನ್ನೇ ಕಂಡವರಲ್ಲಿ ದುಗುಡ, ಆತಂಕಗಳು ಹೆಚ್ಚಿದುವು. ಅಷ್ಟೇ ಆಗಿದ್ದರೆ ಆಶ್ಚರ್ಯವಿರಲಿಲ್ಲ. ವಾರ್ತೆಗೆ ಸಂಬಂಧವೇ ಇಲ್ಲದ ತಮ್ಮ ಸ್ವಂತ ಚಿಂತೆಯನ್ನೂ ಅವರು ಬೆಟ್ಟದಷ್ಟು ಮಾಡಿಕೊಂಡರು. ಎಲ್ಲಿಯೋ ಸೇತುವೆ ಕುಸಿದ ಸುದ್ದಿ ಕೇಳಿದ ತಾಯಿಗೆ ಬೆಂಗಳೂರಿನ ಮಗ ಫೋನು ಎತ್ತದಿದ್ದುದು ಘೋರವಾಗಿ ಕಾಣುವುದು ಹೀಗೆ.

ಈ ಸೀಮೆಗೆ ಭದ್ರಾವತಿ ಆಕಾಶವಾಣಿಯ ಧ್ವನಿ ಕೇಳತೊಡಗಿದ್ದು 1965ರಲ್ಲಿ. ಆಗ ಪ್ರಸಾರಕ್ಕೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂಬ ಹೊತ್ತುಗಳಿದ್ದುವು. ರಾತ್ರಿ ನಿಲಯವೇ ಮೌನ ತಾಳುತ್ತಿತ್ತು. ಕೇಳುಗನಿಗೆ ವ್ರತವಿಲ್ಲದಿದ್ದರೂ ಯಂತ್ರಕ್ಕಿತ್ತು. (ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರ ತೆರೆದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ನೆನೆಯತಕ್ಕ ಸಂಗತಿ.) ಈಗ ನಿಲ್ಲುವ ಹೊತ್ತು ಯಂತ್ರಕ್ಕಿಲ್ಲ. ಅದನ್ನು ಮನುಷ್ಯನೇ ಗೊತ್ತುಮಾಡಿಕೊಳ್ಳಬೇಕು.

ಹಾಗೆಂದು ಕಿವಿ ಮುಚ್ಚಿಕೊಳ್ಳಬೇಕೆಂದು ಅರ್ಥವಲ್ಲ. ‘ಅನರ್ಥ’ ಎಂದರೆ ಪ್ರಯೋಜನವಿಲ್ಲದ್ದು. ತರೀಕೆರೆಯ ತೋಟದವರು ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ನೋಡಲೇಬೇಕು. ಕಡೂರಿನ ರೈತನಿಗೆ ಮಳೆಯ ಮುನ್ಸೂಚನೆ ಬೇಕು. ಒಮ್ಮೆ ನೋಡಿದರೆ ಅದು ವ್ಯವಹಾರ. ಧಾರಣೆ ಇಳಿದ ದಿನ ಅದನ್ನೇ ಹತ್ತು ಸಲ ನೋಡಿದರೆ ಅಡಿಕೆಯ ಬೆಲೆ ಏರದು, ಎದೆಬಡಿತ ಏರುತ್ತದೆ. ಕೋವಿಡ್ ಹಬ್ಬಿದ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ವಾರ್ತೆಯನ್ನು ದಿನಕ್ಕೆ ಒಂದೆರಡು ಸಲ, ನಿಶ್ಚಿತ ಹೊತ್ತಿನಲ್ಲಿ ಮಾತ್ರ ತಿಳಿದುಕೊಳ್ಳಿರೆಂದು ಹೇಳಿತ್ತು. ನೆರೆಮನೆಯ ದುಃಖವನ್ನು ಕೇಳದಿರುವುದಕ್ಕೆ ಈ ವ್ರತವನ್ನು ನೆಪ ಮಾಡುವುದಂತೂ ದೊಡ್ಡ ತಪ್ಪು. ಅದು ದುಃಶ್ರುತಿಯಲ್ಲ, ಅದನ್ನು ಕೇಳದವನಲ್ಲಿ ಕರುಣೆ ಎಲ್ಲಿಯದು?

ಗಂಗರ ಬೂತುಗನ ಅಕ್ಕ ಪಾಂಬಬ್ಬೆ ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸನ್ನಾಚರಿಸಿ 971ರಲ್ಲಿ ದೇಹತ್ಯಾಗ ಮಾಡಿದಳೆಂದು ಕಡೂರಿನ ಶಾಸನ ತಿಳಿಸುತ್ತದೆ. ಗೃಹಸ್ಥರಿಂದ ಯಾರೂ ಅಷ್ಟನ್ನು ಕೇಳುವುದಿಲ್ಲ. ಸಾಮಾಯಿಕಕ್ಕೆ ರೂಢಿಯಲ್ಲಿರುವ ಕಾಲ ಒಂದು ಮುಹೂರ್ತ, ಎಂದರೆ 48 ನಿಮಿಷ. ಸಂಜೆಯ ಊಟವಾದ ಮೇಲೆ ಅಷ್ಟು ಹೊತ್ತು ಟಿ.ವಿ. ಆರಿಸಿ, ಮೊಬೈಲನ್ನು ಒಳಕೋಣೆಯಲ್ಲಿಟ್ಟು, ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕುಳಿತು ನೋಡಬಹುದು. ಮೊದಲ ನಾಲ್ಕು ದಿನ ಆ ನಿಶ್ಶಬ್ದ ಸಹಿಸಲಾಗದಷ್ಟು ಕಷ್ಟ; ಹುಡುಗರು ಚಡಪಡಿಸುತ್ತಾರೆ, ದೊಡ್ಡವರು ಅವರಿಗಿಂತಲೂ ಹೆಚ್ಚಾಗಿ. ಐದನೆಯ ದಿನ ಮೂಲೆಯಲ್ಲಿ ಕುಳಿತ ಅಜ್ಜಿ, ತಿಂಗಳುಗಳಿಂದ ಯಾರಿಗೂ ಹೇಳದ ಮಂಡಿನೋವಿನ ಮಾತನ್ನು ಮೆಲ್ಲಗೆ ತೆಗೆಯಬಹುದು.