ಮಾತಾಡುತ್ತಿದ್ದಾರೆಂದು ಮೈಮರೆಯಬೇಡಿ



2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಹರೀಶ್ ಎಂಬ ಯುವಕನ ಬೈಕಿಗೆ ಲಾರಿ ಡಿಕ್ಕಿ ಹೊಡೆಯಿತು. ದೇಹ ಎರಡು ತುಂಡಾಗಿದ್ದರೂ ಅವರಿಗೆ ಪ್ರಜ್ಞೆ ಇತ್ತು. ತನ್ನ ಅಂಗಾಂಗ ದಾನ ಮಾಡಿ ಎಂದು ನೆರೆದವರನ್ನು ಕೇಳಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ತೀರಿಕೊಂಡರು. ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳಲ್ಲಿ ನೆರವಾಗುವ ಯೋಜನೆಗೆ ಕರ್ನಾಟಕ ಸರ್ಕಾರ ಅವರ ಹೆಸರನ್ನೇ ಇಟ್ಟಿತು. ಅಷ್ಟು ರಕ್ತ ಹೋದ ಮೇಲೂ ಮಾತು ಹೇಗೆ ಉಳಿಯಿತು?

ವಯಸ್ಕರಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದು ಸೋರತೊಡಗಿದೊಡನೆ ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡವನ್ನು ಗಮನಿಸುವ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್ ಹಾರ್ಮೋನುಗಳು ಎದೆಬಡಿತ ಏರಿಸಿ, ಚರ್ಮ ಮತ್ತು ಕರುಳಿನ ರಕ್ತನಾಳಗಳನ್ನು ಬಿಗಿದು, ಉಳಿದ ರಕ್ತವನ್ನು ಮಿದುಳಿಗೂ ಹೃದಯಕ್ಕೂ ಕಾಯ್ದಿಡುತ್ತವೆ. ಕೈಕಾಲು ತಣ್ಣಗಾಗಿ ಬೆವರುವುದು ಇದರಿಂದಲೇ. ವಾಸೋಪ್ರೆಸಿನ್ ಮೂತ್ರದಲ್ಲಿ ಹೋಗುವ ನೀರನ್ನು ತಡೆಯುತ್ತದೆ. ಮೂತ್ರಪಿಂಡದ ರೆನಿನ್‌ನಿಂದ ಆಂಜಿಯೋಟೆನ್ಸಿನ್ ಹುಟ್ಟುತ್ತದೆ; ಅದು ಬಾಯಾರಿಕೆ ತರುತ್ತದೆ, ಅಲ್ಡೋಸ್ಟಿರೋನ್ ಮೂಲಕ ಸೋಡಿಯಂ ಉಳಿಸಿ ಪೊಟ್ಯಾಸಿಯಂ ಹೊರಹಾಕಿಸುತ್ತದೆ.

ಈ ಏರ್ಪಾಡಿನಿಂದಾಗಿ ಒಂದೂವರೆ ಲೀಟರಿನಷ್ಟು ರಕ್ತ ಹೋಗುವವರೆಗೂ ಬಿ.ಪಿ. ಸರಿಯಾಗಿಯೇ ಕಾಣಬಹುದು. ಆಮೇಲೆ ಕುಸಿಯುತ್ತದೆ. ಮೂತ್ರ ನಿಂತುಹೋದರೆ ಪೊಟ್ಯಾಸಿಯಂ ಹೊರಹೋಗಲು ದಾರಿಯಿಲ್ಲ. ಜಜ್ಜಿದ ಮಾಂಸಖಂಡಗಳಿಂದಲೂ ಅದು ರಕ್ತಕ್ಕೆ ಸೋರಿ, ಹೃದಯವನ್ನೇ ನಿಲ್ಲಿಸಬಹುದು. ಹೆಚ್ಚು ರಕ್ತ ಕೊಡಬೇಕಾಗಿ ಬಂದಾಗ, ಅದು ಹೆಪ್ಪುಗಟ್ಟದಂತಿರಲು ಬೆರೆಸಿದ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಸಾಲದಿದ್ದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದು. ಅದಕ್ಕೇ ವೈದ್ಯರು ಈ ಲವಣಾಂಶಗಳನ್ನು ಪದೇಪದೇ ಅಳೆಯುತ್ತಾರೆ.

ಬಿದ್ದವರಿಗೆ ಮೊದಲು ನೀರು ಕುಡಿಸುವುದು ನಮ್ಮ ಊರಿನ ರೂಢಿ. ಅದರಲ್ಲಿ ಪ್ರೀತಿಯಿದೆ, ಆದರೆ ಅಪಾಯವೂ ಇದೆ: ಮಂಪರಿನಲ್ಲಿ ನೀರು ಶ್ವಾಸಕೋಶಕ್ಕೆ ಇಳಿಯಬಹುದು, ಆಪರೇಷನ್ನಿಗೂ ತೊಡಕು. ತೀವ್ರ ಗಾಯವಾದವರು ನೀರು ಬೇಡಿದರೆ, ಒಳಗೆ ರಕ್ತ ಕಡಿಮೆಯಾಗುತ್ತಿರಬಹುದು ಎಂದು ಎಚ್ಚರಗೊಳ್ಳಿ.

ನಾಳೆ ಕೆಲಸದ ಜಾಗದಲ್ಲೋ ರಸ್ತೆಯಲ್ಲೋ ಜೊತೆಯವರಿಗೆ ಪೆಟ್ಟಾದರೆ, "ನನಗೇನೂ ಆಗಿಲ್ಲ ಬಿಡಿ" ಎಂಬ ಮಾತನ್ನು ನಂಬಿ ಸುಮ್ಮನಿರಬೇಡಿ. ಪುತ್ರಜಯಾದಲ್ಲಿ 999ಕ್ಕೆ ಫೋನ್ ಮಾಡಿ. ರಕ್ತ ಸೋರುವ ಜಾಗಕ್ಕೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ. ಆಂಬುಲೆನ್ಸ್ ಬರುವವರೆಗೆ ಕೈ ತೆಗೆಯಬೇಡಿ. ಹಾರ್ಮೋನುಗಳು ಕೊಡುವುದು ಸ್ವಲ್ಪ ಸಮಯವನ್ನು ಮಾತ್ರ. ಅದನ್ನು ಬಳಸಿಕೊಳ್ಳಬೇಕಾದವರು ನಾವು.